ಕ್ಷಮೆಯ ಭಾನುವಾರ ಓದಿದ ಬಿಡುಗಡೆ

1861ರ ಮಾರ್ಚ್ 5, ಅಂದಿನ ರಷ್ಯನ್ ಪಂಚಾಂಗದಂತೆ, ತಪಸ್ಸುಕಾಲಕ್ಕೆ ಮುಂಚಿನ ಕೊನೆಯ ಭಾನುವಾರ. ಆರ್ಥಡಾಕ್ಸ್ ಸಭೆಯಲ್ಲಿ ಅದು ಕ್ಷಮೆಯ ಭಾನುವಾರ. ಭಕ್ತರು ಒಬ್ಬರ ಮುಂದೊಬ್ಬರು ಬಾಗಿ ಕ್ಷಮೆ ಬೇಡುವ ದಿನ. ಅಂದೇ ಪೀಟರ್ಸ್‌ಬರ್ಗ್ ಮತ್ತು ಮಾಸ್ಕೋ ನಗರಗಳ ದೇವಾಲಯಗಳಲ್ಲಿ ಗುರುಗಳು ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಘೋಷಣಾಪತ್ರವನ್ನು ಓದಿದರು. ಎರಡು ಕೋಟಿಗೂ ಮಿಕ್ಕ ಜೀತರೈತರು ಇನ್ನು ಜಮೀನ್ದಾರರ ಸೊತ್ತಲ್ಲವೆಂದು ಅದು ಸಾರಿತು.

ಈ ಮಾತು ಕೇಳಿಬರಲು ಬಹುಕಾಲ ಹಿಡಿದಿತ್ತು. ಮಹಾರಾಣಿ ಎರಡನೆಯ ಕ್ಯಾಥರೀನಳು 1767ರಲ್ಲಿ ಕಾನೂನು ಸುಧಾರಣೆಯ ಉದಾತ್ತ ವಿಚಾರಗಳನ್ನು ತಾನೇ ಬರೆದು ಪ್ರಕಟಿಸಿದಳು; ಅದೇ ವರ್ಷ, ಜೀತರೈತರು ಧಣಿಯ ವಿರುದ್ಧ ದೂರು ಕೊಡುವುದನ್ನು ನಿಷೇಧಿಸಿದಳು. ಜೀತದ ಕ್ರೌರ್ಯವನ್ನು 1790ರಲ್ಲಿ ಪುಸ್ತಕವಾಗಿ ಬರೆದ ರಾದಿಶ್ಚೇವನಿಗೆ ಮೊದಲು ಮರಣದಂಡನೆ ವಿಧಿಸಿ, ಬಳಿಕ ಸೈಬೀರಿಯಕ್ಕೆ ಗಡೀಪಾರು ಮಾಡಲಾಯಿತು. ನಿರಂಕುಶ ಪ್ರಭುತ್ವದಲ್ಲಿ ಸುಧಾರಣೆಯ ಮಾತನಾಡುವ ಹಕ್ಕೂ ಅರಸರದೇ ಆಗಿತ್ತು.

ಕ್ರೈಸ್ತರಾದ ನಮ್ಮನ್ನು ಕಾಡುವುದು ಆ ಘೋಷಣಾಪತ್ರದ ಭಾಷೆ. ಅದಕ್ಕೆ ಕೊನೆಯ ರೂಪ ಕೊಟ್ಟವರು ಮಾಸ್ಕೋದ ಮಹಾಧರ್ಮಾಧ್ಯಕ್ಷ ಫಿಲರೇತ್. ಅವರಿಗೆ ಈ ಬಿಡುಗಡೆಯ ಬಗ್ಗೆಯೇ ಅಳುಕಿತ್ತು. ವಿಮೋಚನಕಾಂಡದ ಮಾತನ್ನು ನಿರೀಕ್ಷಿಸುವ ನಮಗೆ ಅಲ್ಲಿ ಸಿಗುವುದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯ: ಅಧಿಕಾರಿಗಳಿಗೆ ವಿಧೇಯತೆ, ಸಲ್ಲಬೇಕಾದವರಿಗೆ ಕಂದಾಯ. ಎರಡು ವರ್ಷ ಹಳೆಯ ಚಾಕರಿಯೇ ಮುಂದುವರಿಯಬೇಕಿತ್ತು. ತಾವೇ ಉಳುತ್ತಿದ್ದ ಭೂಮಿಗೆ 49 ವರ್ಷಗಳ ಕಂತು ಗೊತ್ತಾಯಿತು. ಆ ಕಂತುಗಳು ರದ್ದಾದದ್ದು 1907ರಲ್ಲಿ.

ಪತ್ರ ಹಳ್ಳಿಗಳನ್ನು ತಲುಪಿದಾಗ ರೈತರಿಗೆ ಅದು ಅರ್ಥವಾಗಲಿಲ್ಲ. ಕಜಾನ್ ಪ್ರಾಂತದ ಬೆಜ್ದ್ನಾ ಗ್ರಾಮದಲ್ಲಿ ಆಂತೋನ್ ಪೆತ್ರೋವ್ ಎಂಬ ರೈತ, ಅಕ್ಷರ ಬಲ್ಲವನು, ಕಾನೂನಿನ ಪುಸ್ತಕವನ್ನು ತೆರೆದು ಓದಿದ. ಪೂರ್ಣ ಬಿಡುಗಡೆ ಅದರಲ್ಲೇ ಇದೆ, ಧಣಿಗಳು ಮರೆಮಾಡಿದ್ದಾರೆ ಎಂದ. ಅವನ ಓದು ತಪ್ಪು; ಚಕ್ರವರ್ತಿ ಅನ್ಯಾಯ ಮಾಡಲಾರನೆಂಬ ನಂಬಿಕೆಯಿಂದ ಹುಟ್ಟಿದ ತಪ್ಪು. ಸಾವಿರಾರು ರೈತರು ಅವನ ಮನೆಯ ಸುತ್ತ ನೆರೆದರು. ಏಪ್ರಿಲ್ 12ರಂದು ಸೈನಿಕರು ಆ ನಿರಾಯುಧ ಜನರ ಮೇಲೆ ಗುಂಡು ಹಾರಿಸಿದರು. ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಪೆತ್ರೋವ್ ಕಾನೂನಿನ ಪುಸ್ತಕವನ್ನು ತಲೆಯ ಮೇಲೆ ಹೊತ್ತು ಹೊರಬಂದ. ಒಂದು ವಾರದ ಬಳಿಕ ಅವನನ್ನೂ ಗುಂಡಿಕ್ಕಿ ಕೊಂದರು.

ಕಜಾನ್ ನಗರದ ವಿಶ್ವವಿದ್ಯಾನಿಲಯದ ಮತ್ತು ದೈವಶಾಸ್ತ್ರ ವಿದ್ಯಾಪೀಠದ ವಿದ್ಯಾರ್ಥಿಗಳು ಸ್ಮಶಾನದ ದೇವಾಲಯದಲ್ಲಿ ಸತ್ತ ರೈತರ ಆತ್ಮಶಾಂತಿಗಾಗಿ ಪ್ರಾರ್ಥನೆ ನಡೆಸಿದರು. ಹಳ್ಳಿಯ ದೇವಾಲಯ ಪರಿಚಾರಕನ ಮಗನಾದ ಇತಿಹಾಸದ ಅಧ್ಯಾಪಕ ಶ್ಚಾಪೊವ್ ಅಲ್ಲಿ ಎದ್ದು ನಿಂತು ಮಾತನಾಡಿದ. ಅವನನ್ನು ಬಂಧಿಸಲು ಚಕ್ರವರ್ತಿಯ ಆಜ್ಞೆ ಬಂತು.