ಕೊಲೆಯಾದವರ ಮನೆಯವರಿಗೆ ಆಸರೆ: ಉಮ್ಮತ್ತೂರು ಸೀಮೆಯ ಚರಿತ್ರೆ

ಮನೆಯ ದುಡಿಯುವ ಜೀವ ಇನ್ನೊಬ್ಬರ ಕೈಯಲ್ಲಿ ಸತ್ತಾಗ ಉಳಿದವರಿಗೆ ಬದುಕಲು ದಾರಿ ಮಾಡಿಕೊಡುವ ಪದ್ಧತಿ ಕನ್ನಡನಾಡಿನಲ್ಲಿ ಹಳೆಯದು. ತುರು ಹಿಡಿದೊಯ್ಯುವವರನ್ನು ಅಡ್ಡಗಟ್ಟಿಯೋ, ಊರಿಗೆ ನುಗ್ಗಿದವರೊಡನೆ ಕಾದಿಯೋ ಸತ್ತವನ ಹೆಂಡತಿ ಮಕ್ಕಳಿಗೆ ಅರಸರೂ ನಾಡಗಾವುಂಡರೂ ಬಿಟ್ಟುಕೊಡುತ್ತಿದ್ದ ಭೂಮಿಯನ್ನು ನೆತ್ತರುಗೊಡಗೆ, ರಕ್ತಕೊಡಗೆ ಎಂದು ಶಾಸನಗಳು ಕರೆಯುತ್ತವೆ. ಇದರ ಸಾಕ್ಷಿ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ; ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಸತ್ತವನ ಹೆಸರು, ಕೊಟ್ಟ ಹೊಲದ ವಿವರ. ಕೊಟ್ಟಿದ್ದನ್ನು ಕಿತ್ತುಕೊಳ್ಳದಂತೆ ಕಾಯಲು ಶಾಪವಿತ್ತು: ಇದನ್ನು ಅಳಿಸಿದವನು ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ವಿಧವೆಯ ಬಳಿ ಬೇರೆ ದಾಖಲೆ ಇಲ್ಲದ ಕಾಲದಲ್ಲಿ ಊರ ಮುಂದೆ ನಿಂತ ಆ ಕಲ್ಲೇ ಹಕ್ಕುಪತ್ರ.

ಇಂದಿನ ಚಾಮರಾಜನಗರ ಜಿಲ್ಲೆಯಲ್ಲಿರುವ ಉಮ್ಮತ್ತೂರು 15ನೇ ಶತಮಾನದಲ್ಲಿ ಒಂದು ಬಲವಾದ ಪಾಳೆಯಪಟ್ಟಾಗಿತ್ತು. ಅದರ ಒಡೆಯರು ವಿಜಯನಗರಕ್ಕೆ ತಿರುಗಿಬಿದ್ದರು; ಕೃಷ್ಣದೇವರಾಯ 1510ರ ಸುಮಾರಿಗೆ ದಂಡೆತ್ತಿ ಬಂದು ಉಮ್ಮತ್ತೂರಿನ ಗಂಗರಾಜನನ್ನು ಸೋಲಿಸಿ ಶಿವನಸಮುದ್ರದ ಕೋಟೆಯನ್ನು ವಶಪಡಿಸಿಕೊಂಡ. ಇಂಥ ಕಾಲದಲ್ಲಿ ಕೊಡಗೆಯ ಭೂಮಿ ಸೈನಿಕರ ಸಂಸಾರಕ್ಕೆ ದೊಡ್ಡ ಭರವಸೆ. ಆದರೆ ಅದಕ್ಕೊಂದು ಕಟ್ಟು ಇತ್ತು: ಸಾವು ಒಡೆಯನಿಗೋ ಊರಿಗೋ ಉಪಕಾರವಾಗಿರಬೇಕು. ಬದುವಿನ ಜಗಳದಲ್ಲಿ, ದಾಯಾದಿ ಮತ್ಸರದಲ್ಲಿ ಕಡಿಸಿಕೊಂಡು ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಸಲ್ಲುತ್ತಿರಲಿಲ್ಲ. ಧರ್ಮಸೂತ್ರಗಳ ನ್ಯಾಯವೂ ಅವರ ಪಾಲಿಗೆ ಉದಾರವಾಗಿರಲಿಲ್ಲ. ಕ್ಷತ್ರಿಯನನ್ನು ಕೊಂದರೆ ಸಾವಿರ ಹಸು, ವೈಶ್ಯನಿಗೆ ನೂರು, ಶೂದ್ರನಿಗೆ ಹತ್ತು ಎಂದು ಆಪಸ್ತಂಬ ಹೇಳುತ್ತದೆ. ಬೌಧಾಯನದ ಪ್ರಕಾರ ಆ ಹಸುಗಳು ಸೇರುವುದು ಅರಸನಿಗೆ. ಜೀವದ ಬೆಲೆ ಜಾತಿಯಿಂದ ಗೊತ್ತಾಗುತ್ತಿತ್ತು, ಬಂದದ್ದೂ ಅತ್ತವರ ಮನೆಗೆ ಬರುತ್ತಿರಲಿಲ್ಲ.

ಬ್ರಿಟಿಷರ ಕಾನೂನು ಕೊಲೆಯನ್ನು ಸರ್ಕಾರದ ವಿರುದ್ಧದ ಅಪರಾಧ ಮಾಡಿತು. ಮೊಕದ್ದಮೆ ನಡೆಸುವುದು ಸರ್ಕಾರ, ಶಿಕ್ಷೆ ಕೊಡುವುದು ನ್ಯಾಯಾಲಯ. ಸತ್ತವನ ಹೆಂಡತಿ ಅಥವಾ ತಂದೆ ದೂರುದಾರರು, ಹೆಚ್ಚೆಂದರೆ ಸಾಕ್ಷಿಗಳು. ಸೇಡಿನ ಸರಪಳಿ ಕಡಿಯಲು ಇದು ಬೇಕಾಗಿತ್ತು, ನಿಜ. ಆದರೆ ಕುಟುಂಬದವರು ತಮ್ಮದೇ ದುಃಖದ ವಿಚಾರಣೆಯಲ್ಲಿ ಹೊರಗಿನವರಾಗಿ ನಿಂತರು. ಇದಕ್ಕೊಂದು ಅಪವಾದ 1855ರ ಮಾರಕ ಅಪಘಾತಗಳ ಕಾಯ್ದೆ. ಹೆಸರಿನಲ್ಲಿ ಅಪಘಾತವೆಂದಿದ್ದರೂ, ಸಾವು ಅಪರಾಧದಿಂದ ಆಗಿದ್ದರೂ ಹೆಂಡತಿ, ಗಂಡ, ತಂದೆತಾಯಿ, ಮಕ್ಕಳ ಪರವಾಗಿ ನಷ್ಟಭರ್ತಿಗೆ ದಾವೆ ಹೂಡಬಹುದೆಂದು ಅದು ಹೇಳುತ್ತದೆ. ದಾವೆಯ ಖರ್ಚು ಹೊರಲಾರದ ಬಡವರಿಗೆ ಅದು ಕಾಗದದ ಮೇಲಿನ ಹಕ್ಕು. 1973ರ ದಂಡ ಪ್ರಕ್ರಿಯಾ ಸಂಹಿತೆಯ 357ನೇ ಕಲಂ ಅಪರಾಧಿಯ ದಂಡದ ಹಣದಲ್ಲಿ ಇದೇ ವಾರಸುದಾರರಿಗೆ ಪರಿಹಾರ ಕೊಡಿಸಲು ನ್ಯಾಯಾಧೀಶರಿಗೆ ಅವಕಾಶ ಕೊಟ್ಟಿತು. ಆದರೆ ಆರೋಪಿ ಖುಲಾಸೆಯಾದರೆ, ಇಲ್ಲವೇ ಅವನ ಕೈಯಲ್ಲಿ ಕಾಸಿಲ್ಲದಿದ್ದರೆ, ಆ ದಾರಿಯೂ ಮುಚ್ಚಿದಂತೆ.

ಈ ಸೀಮೆಯಲ್ಲಿ ಇಂಥ ಕುಟುಂಬಗಳ ಪ್ರಶ್ನೆ ತೀವ್ರವಾಗಿ ಎದುರಾದದ್ದು 1990ರ ದಶಕದಲ್ಲಿ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ 1993ರ ಮಾರ್ಚ್ 25ರಂದು ಮೂವರು ದಲಿತರ ಕೊಲೆಯಾಯಿತು. ಮೈಸೂರಿನ ನ್ಯಾಯಾಲಯದ ತೀರ್ಪು ಬಂದದ್ದು 2010ರಲ್ಲಿ. ಹದಿನೇಳು ವರ್ಷ ಎಂದರೆ ತಂದೆಯನ್ನು ಕಳೆದುಕೊಂಡಾಗ ತೊಟ್ಟಿಲಲ್ಲಿದ್ದ ಮಗು ಕಾಲೇಜು ಸೇರುವಷ್ಟು ಕಾಲ. ಅದೇ ದಶಕದಲ್ಲಿ ಕೊಳ್ಳೇಗಾಲ, ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನಲ್ಲಿ ಕಾಡುಗಳ್ಳ ವೀರಪ್ಪನ್‌ನಿಂದ ಪೊಲೀಸರು, ಅರಣ್ಯ ಸಿಬ್ಬಂದಿ, ಹಳ್ಳಿಗರು ಸತ್ತರು. ಕರ್ತವ್ಯದಲ್ಲಿ ಸತ್ತ ನೌಕರನ ಮನೆಗೆ ಇಲಾಖೆಯ ಪಿಂಚಣಿ, ಅನುಕಂಪದ ನೌಕರಿ ಬರುತ್ತದೆ. ನೆತ್ತರುಗೊಡಗೆಯ ಹಳೆಯ ಗೆರೆ ಇಲ್ಲಿ ಮತ್ತೆ ಕಾಣುತ್ತದೆ, ಏಕೆಂದರೆ ಪೊಲೀಸರಿಗೆ ಸುಳಿವು ಕೊಟ್ಟನೆಂಬ ಗುಮಾನಿಗೆ ಬಲಿಯಾದ ರೈತನ ಹೆಂಡತಿಗೆ ಅಂಥ ನಿಶ್ಚಿತ ಹಕ್ಕು ಇರಲಿಲ್ಲ. ಅವನನ್ನು ಹಿಡಿಯಲು ರಚಿಸಿದ ಕಾರ್ಯಾಚರಣೆ ಪಡೆಯಿಂದಲೇ ನೊಂದವರ ಅಳಲನ್ನು ನ್ಯಾಯಮೂರ್ತಿ ಎ. ಜೆ. ಸದಾಶಿವ ಸಮಿತಿ ಆಲಿಸಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು.

ಪರಿಹಾರದ ಹಕ್ಕು ಮೊದಲು ಸ್ಪಷ್ಟ ರೂಪ ಪಡೆದದ್ದು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ. 2016ರ ತಿದ್ದುಪಡಿಯಂತೆ ಕೊಲೆಯಾದವರ ಕುಟುಂಬಕ್ಕೆ 8.25 ಲಕ್ಷ ರೂಪಾಯಿ: ಅರ್ಧ ಮರಣೋತ್ತರ ಪರೀಕ್ಷೆಯ ನಂತರ, ಉಳಿದರ್ಧ ದೋಷಾರೋಪ ಪಟ್ಟಿ ನ್ಯಾಯಾಲಯಕ್ಕೆ ಹೋದಾಗ. ಅದರ ಮೇಲೆ ವಿಧವೆಗೆ ಅಥವಾ ಅವಲಂಬಿತರಿಗೆ ಮಾಸಿಕ ಪಿಂಚಣಿ, ಇಲ್ಲವೇ ಒಬ್ಬರಿಗೆ ನೌಕರಿ ಅಥವಾ ಜಮೀನು; ಮಕ್ಕಳ ಓದಿನ ವೆಚ್ಚ; ಮೂರು ತಿಂಗಳಿಗಾಗುವಷ್ಟು ಅಕ್ಕಿ, ಗೋಧಿ, ಬೇಳೆ, ಜೊತೆಗೆ ಪಾತ್ರೆ. ಪಾತ್ರೆಯವರೆಗೂ ಯೋಚಿಸಿದ ಈ ಪಟ್ಟಿ ಬರೆದವರಿಗೆ ಬಡವರ ಮನೆಯ ಸೂತಕದ ದಿನಗಳು ಗೊತ್ತಿದ್ದಂತಿದೆ. ಕಾಯ್ದೆಯ 15ಎ ಕಲಂ ಸಂತ್ರಸ್ತರಿಗೆ ಜಾಮೀನು ಅರ್ಜಿಯ ಮಾಹಿತಿ, ವಿಚಾರಣೆಗೆ ಓಡಾಡುವ ಖರ್ಚು, ರಕ್ಷಣೆ ಕೊಡಬೇಕೆನ್ನುತ್ತದೆ. ರಕ್ಷಣೆ ಏಕೆ ಮುಖ್ಯ ಎಂಬುದಕ್ಕೆ ಕಂಬಾಲಪಲ್ಲಿ ಸಾಕ್ಷಿ: 2000ದ ಮಾರ್ಚ್ 11ರಂದು ಏಳು ದಲಿತರನ್ನು ಸುಟ್ಟ ಆ ಪ್ರಕರಣದಲ್ಲಿ ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು.

ಜಾತಿಯ ಹಂಗಿಲ್ಲದೆ ಎಲ್ಲ ಕುಟುಂಬಗಳಿಗೂ ಬಾಗಿಲು ತೆರೆದದ್ದು 2009ರ ಡಿಸೆಂಬರ್ 31ರಂದು. ಅಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿ ‘ಸಂತ್ರಸ್ತ’ರ ವ್ಯಾಖ್ಯೆಯೊಳಗೆ ವಾರಸುದಾರರನ್ನು ಸೇರಿಸಿತು, ಖುಲಾಸೆಯ ವಿರುದ್ಧ ಮೇಲ್ಮನವಿಯ ಹಕ್ಕು ಕೊಟ್ಟಿತು, 357ಎ ಕಲಂ ಮೂಲಕ ರಾಜ್ಯಗಳು ಪರಿಹಾರಕ್ಕೆ ಹಣ ಒದಗಿಸುವ ಯೋಜನೆ ರೂಪಿಸಬೇಕೆಂದಿತು. ಕರ್ನಾಟಕದ ಯೋಜನೆ 2011ರದು. ಮೇಲ್ಮನವಿಗೆ ಉಚ್ಚ ನ್ಯಾಯಾಲಯದ ವಿಶೇಷ ಅನುಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ ಹೇಳಿತು. ಆ ಪ್ರಕರಣ ಹೋದದ್ದೂ ಕರ್ನಾಟಕದಿಂದಲೇ.

ಆ ವರ್ಷದ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್‌ಗುತ್ ಮಾರಮ್ಮನ ದೇವಸ್ಥಾನದಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಮಂದಿ ಸತ್ತರು. ಸರ್ಕಾರ ಪ್ರತಿ ಕುಟುಂಬಕ್ಕೆ 5 ಲಕ್ಷ ರೂಪಾಯಿ ಘೋಷಿಸಿತು. ಹದಿನೇಳು ಸಾವು ಒಟ್ಟಿಗೆ ಬಂದಾಗ ಮಂತ್ರಿಗಳು ಮನೆಬಾಗಿಲಿಗೆ ಬರುತ್ತಾರೆ. ಒಂಟಿ ಕೊಲೆಯಾದ ಮನೆಯವರು ತಾವೇ ಚಾಮರಾಜನಗರಕ್ಕೆ ಹೋಗಬೇಕು.

ಇಂದು ಉಮ್ಮತ್ತೂರಿನ ಕುಟುಂಬವೊಂದಕ್ಕೆ ಇರುವ ಮುಖ್ಯ ಬಾಗಿಲು ಚಾಮರಾಜನಗರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಮಹಿಳೆಯರು, ಮಕ್ಕಳು, ಪರಿಶಿಷ್ಟರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಪರಿಹಾರದ ಅರ್ಜಿಗೆ ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷದಂಥ ಕಾಗದಗಳು ಬೇಕಾಗುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಹಳೆಯ 357ಎ ಜಾಗದಲ್ಲಿದೆ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಕುಟುಂಬಕ್ಕೆ ಪೊಲೀಸರೇ ತಿಳಿಸಬೇಕೆಂಬ ನಿಯಮವೂ ಈ ಸಂಹಿತೆಯಲ್ಲಿದೆ. ಸತ್ತದ್ದು ಹೆಣ್ಣಾದರೆ 2018ರ ರಾಷ್ಟ್ರೀಯ ಯೋಜನೆಯಡಿ ಪರಿಹಾರ 5ರಿಂದ 10 ಲಕ್ಷ ರೂಪಾಯಿ.

ಮನಸ್ಸಿನ ಆಸರೆಯ ವಿಷಯ ಇಷ್ಟು ಮುಂದೆ ಬಂದಿಲ್ಲ. ಇಂಗ್ಲೆಂಡಿನಲ್ಲಿ ಕೊಲೆಯಾದವರ ಕುಟುಂಬಗಳಿಗೆಂದೇ 2010ರಿಂದ ಒಂದು ಸೇವೆಯಿದ್ದು, ಕಾರ್ಯಕರ್ತರೊಬ್ಬರು ಅಂತ್ಯಕ್ರಿಯೆಯಿಂದ ತೀರ್ಪಿನವರೆಗೂ ಮನೆಯವರ ಜೊತೆಗಿರುತ್ತಾರೆ. ಇಲ್ಲಿ ಆ ಕೆಲಸ ನೆಂಟರು ಮತ್ತು ಸಂಘಟನೆಗಳ ಮೇಲೆ ಬೀಳುತ್ತದೆ. ತಬ್ಬಲಿಯಾದ ಮಕ್ಕಳ ವಿಷಯದಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬಹುದು. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೆ ಅರ್ಹರಾದವರಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಇನ್ನು ಹಣದ ಪರಿಹಾರಕ್ಕೆ ಬಂದರೆ, ಕೊಂದವನು ಯಾರೆಂದು ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಅವಲಂಬಿತರು ಕಾನೂನು ಸೇವಾ ಪ್ರಾಧಿಕಾರಕ್ಕೆ ನೇರವಾಗಿ ಪರಿಹಾರದ ಅರ್ಜಿ ಹಾಕಬಹುದು. ಅರ್ಜಿಯ ವಿಚಾರಣೆಯನ್ನು ಪ್ರಾಧಿಕಾರ ಎರಡು ತಿಂಗಳೊಳಗೆ ಮುಗಿಸಬೇಕು.