ದೇವರ ಮಾತೃತ್ವ: ನಾರ್ವಿಚ್ಚಿನ ಜೂಲಿಯನ್ನಳ ಗ್ರಂಥದ ಎರಡು ಪಾಠಗಳು

ಕ್ರೈಸ್ತರು ದೇವರನ್ನು ತಂದೆಯೆಂದು ಸಂಬೋಧಿಸುವುದು ಎಲ್ಲರೂ ಬಲ್ಲ ಸಂಗತಿ. ಯೇಸುವು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯೇ ಆ ಸಂಬೋಧನೆಯಿಂದ ಮೊದಲಾಗುತ್ತದೆ. ಅದೇ ದೇವರನ್ನು ತಾಯಿಯೆಂದು ಭಾವಿಸಿದ ಪರಂಪರೆಯೊಂದು ಆ ಮತದಲ್ಲಿ ಬಹುಕಾಲದಿಂದ ನಡೆದುಬಂದಿರುವುದು ಮಾತ್ರ ಅಷ್ಟು ಪ್ರಸಿದ್ಧವಲ್ಲ. ಈ ಭಾವನೆಗೆ ಅತ್ಯಂತ ವಿಸ್ತಾರವಾದ ನಿರೂಪಣೆ ದೊರೆತುದು ಇಂಗ್ಲೆಂಡಿನ ನಾರ್ವಿಚ್ ನಗರದ ಏಕಾಂತವಾಸಿನಿ ಜೂಲಿಯನ್ನಳ ಗ್ರಂಥದಲ್ಲಿ. ಹೆತ್ತವರ ಪ್ರೀತಿಯು ದೈವಪ್ರೀತಿಯ ಪ್ರತಿಬಿಂಬವೆಂಬ ಮಾತಿನ ಅರ್ಥವೇನೆಂಬುದು ಆ ಗ್ರಂಥದ ಎರಡು ಪಾಠಗಳನ್ನು ಹೋಲಿಸಿ ನೋಡಿದಾಗ ವಿಶದವಾಗುತ್ತದೆ.

ಈ ಭಾವನೆಯ ಮೂಲವು ಬೈಬಲ್ಲಿನಲ್ಲಿಯೇ ಇದೆ. ಯೆಶಾಯ ಪ್ರವಾದಿಯ ಗ್ರಂಥದ 49ನೆಯ ಅಧ್ಯಾಯದಲ್ಲಿ, ಮೊಲೆಯುಣ್ಣುವ ಕೂಸನ್ನು ತಾಯಿಯು ಮರೆಯುವಳೇ ಎಂಬ ಪ್ರಶ್ನೆ ಬರುತ್ತದೆ. ಆಕೆ ಮರೆತರೂ ಮರೆಯಬಹುದು, ದೇವರು ಮರೆಯನೆಂಬುದು ಅಲ್ಲಿ ದೊರೆಯುವ ಉತ್ತರ. ಮನುಷ್ಯರು ಬಲ್ಲ ಪ್ರೀತಿಗಳಲ್ಲಿ ಅತ್ಯಂತ ದೃಢವಾದುದನ್ನು ಅಳತೆಗೋಲಾಗಿ ತೆಗೆದುಕೊಂಡು, ಆ ಅಳತೆಗೋಲು ಸಾಲದೆಂದು ಅಲ್ಲಿಯೇ ತೋರಿಸಿರುವುದು ಗಮನಾರ್ಹವಾಗಿದೆ. ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿ ಯೇಸುವು ಯೆರೂಸಲೇಮನ್ನು ಕುರಿತು ಮರುಗುವಾಗ, ಮರಿಗಳನ್ನು ರೆಕ್ಕೆಗಳ ಕೆಳಗೆ ಕೂಡಿಸಿಕೊಳ್ಳುವ ಹೇಂಟೆಗೆ ತನ್ನನ್ನು ಹೋಲಿಸಿಕೊಳ್ಳುತ್ತಾನೆ. ಕ್ಯಾಂಟರ್ಬರಿಯ ಆನ್ಸೆಲ್ಮನು (1033–1109) ಸಂತ ಪೌಲನನ್ನು ಕುರಿತ ಪ್ರಾರ್ಥನೆಯಲ್ಲಿ ಈ ಉಪಮಾನವನ್ನು ಹಿಡಿದು, ಪೌಲನನ್ನೂ ಯೇಸುವನ್ನೂ ತಾಯಿಯೆಂದು ಕರೆದಿರುವನು. ಹನ್ನೆರಡನೆಯ ಶತಮಾನದಲ್ಲಿ ಕ್ಲೇರ್ವೋ ಮಠದ ಬರ್ನಾರ್ಡನೇ ಮೊದಲಾದ ಸಿಸ್ಟರ್ಷಿಯನ್ ಸಂನ್ಯಾಸಿಗಳ ಬರಹಗಳಲ್ಲಿ ಈ ರೂಪಕವು ಹೇರಳವಾಗಿ ದೊರೆಯುತ್ತದೆ. ಮಠಾಧಿಪತಿಗಳು ತಮ್ಮ ಅಧಿಕಾರದ ಕಾಠಿನ್ಯಕ್ಕೆ ವಾತ್ಸಲ್ಯವನ್ನು ಕೂಡಿಸಿಕೊಳ್ಳಬೇಕೆಂದು ಬಯಸಿದುದೇ ಇದರ ಹಿನ್ನೆಲೆಯೆಂದು ಕ್ಯಾರೊಲಿನ್ ವಾಕರ್ ಬೈನಮ್ ಎಂಬ ವಿದುಷಿಯು 1982ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವೇಚಿಸಿದ್ದಾರೆ.

ಜೂಲಿಯನ್ನಳ ಜೀವನದ ಬಗ್ಗೆ ತಿಳಿದುಬರುವ ಸಂಗತಿಗಳು ಕೆಲವೇ. 1373ನೆಯ ಇಸವಿಯ ಮೇ ತಿಂಗಳಿನಲ್ಲಿ, ಮೂವತ್ತೂವರೆ ವರ್ಷದ ವಯಸ್ಸಿನಲ್ಲಿ, ಆಕೆಯು ಮರಣಾಂತಿಕವಾದ ವ್ಯಾಧಿಗೆ ಒಳಗಾದಳು. ಪಾದ್ರಿಯು ಕಣ್ಣೆದುರಿಗೆ ಹಿಡಿದ ಶಿಲುಬೆಯನ್ನು ನೋಡುತ್ತಿರುವಾಗ ಆಕೆಗೆ ದರ್ಶನಗಳು ಮೊದಲಾದವು. ಅವು ಒಟ್ಟು ಹದಿನಾರು. ದಿನವು 8 ಎಂದು ಕೆಲವು ಹಸ್ತಪ್ರತಿಗಳಲ್ಲಿಯೂ 13 ಎಂದು ಬೇರೆಯದರಲ್ಲಿಯೂ ಇದೆ. 1394ರಿಂದ 1416ರವರೆಗಿನ ಕೆಲವು ಮರಣಶಾಸನಗಳಲ್ಲಿ ಆಕೆಯ ಹೆಸರಿಗೆ ದಾನಗಳು ಕಾಣಬರುತ್ತವೆ. 1413ರ ಸುಮಾರಿಗೆ, ಹದಿನಾಲ್ಕು ಮಕ್ಕಳನ್ನು ಹೆತ್ತ ಮಾರ್ಜರಿ ಕೆಂಪ್ ಎಂಬಾಕೆಯು ಜೂಲಿಯನ್ನಳ ಬಳಿಗೆ ಉಪದೇಶವನ್ನು ಅರಸಿ ಬಂದಿದ್ದಳು.

ದರ್ಶನಗಳ ವೃತ್ತಾಂತವು ಎರಡು ಪಾಠಗಳಲ್ಲಿ ಉಳಿದುಬಂದಿದೆ. ಇಪ್ಪತ್ತೈದು ಅಧ್ಯಾಯಗಳ ಲಘುಪಾಠವು ಹದಿನೈದನೆಯ ಶತಮಾನದ ಒಂದೇ ಹಸ್ತಪ್ರತಿಯಲ್ಲಿ ದೊರೆತು, 1911ರಲ್ಲಿ ಮೊದಲ ಬಾರಿಗೆ ಅಚ್ಚಾಯಿತು. ಎಂಬತ್ತಾರು ಅಧ್ಯಾಯಗಳ ದೀರ್ಘಪಾಠವು 1670ರಲ್ಲಿಯೇ ಮುದ್ರಿತವಾಗಿತ್ತು. ದೃಷ್ಟಾಂತವೊಂದರ ಅರ್ಥವು ತನಗೆ ಹೊಳೆದುದು ಇಪ್ಪತ್ತು ವರ್ಷಗಳಿಗೆ ಮೂರು ತಿಂಗಳು ಕಡಮೆಯಾದ ಕಾಲದ ಮೇಲೆ ಎಂದು ಗ್ರಂಥಕರ್ತ್ರಿಯೇ ಹೇಳಿರುವುದರಿಂದ, ದೀರ್ಘಪಾಠವು 1393ಕ್ಕೆ ಮೊದಲು ಪೂರ್ಣವಾಗಿರಲಾರದು.

ಲಘುಪಾಠದ ಹತ್ತನೆಯ ಅಧ್ಯಾಯದಲ್ಲಿ ಒಂದು ಸಣ್ಣ ಘಟನೆಯಿದೆ. ಕ್ರಿಸ್ತನ ಮರಣಯಾತನೆಯ ದರ್ಶನವು ನಡೆಯುತ್ತಿರುವಾಗ, ಹಾಸಿಗೆಯ ಬಳಿ ಇತರರೊಡನೆ ನಿಂತಿದ್ದ ಜೂಲಿಯನ್ನಳ ತಾಯಿಯು ಮಗಳು ಸತ್ತಳೆಂದು ಭಾವಿಸಿ, ಆಕೆಯ ಕಣ್ಣುಗಳನ್ನು ಮುಚ್ಚಲೆಂದು ಕೈಯೆತ್ತಿದಳು. ಇದರಿಂದ ಮಗಳ ದುಃಖವು ಮತ್ತಷ್ಟು ಹೆಚ್ಚಿತು. ಕ್ರಿಸ್ತನನ್ನು ಕಾಣುವುದಕ್ಕೆ ಅಡ್ಡಿ ಬರುವುದನ್ನು ಆಕೆ ಬಯಸಲಿಲ್ಲ. ತಾಯಿಯ ಪ್ರೀತಿಯಲ್ಲಿ ಇಲ್ಲಿ ಯಾವ ಕೊರತೆಯೂ ಇಲ್ಲ; ಕೊರತೆಯಿರುವುದು ಆಕೆಯ ಅರಿವಿನಲ್ಲಿ. ಸತ್ತ ಮಗಳಿಗೆ ತಾಯಿಯು ಮಾಡಬಹುದಾದ ಕಡೆಯ ಉಪಚಾರವೇ ಬದುಕಿರುವ ಮಗಳಿಗೆ ವಿಘ್ನವಾಯಿತು. ಇದಾದ ಮೇಲೆ, ಶಿಲುಬೆಯ ಬಳಿ ನಿಂತ ಮರಿಯಳ ಸಂಕಟದ ವರ್ಣನೆಯು ಬರುತ್ತದೆ.

ದೀರ್ಘಪಾಠದಲ್ಲಿ ಮರಿಯಳು ಉಳಿದಿದ್ದಾಳೆ. ಜೂಲಿಯನ್ನಳ ತಾಯಿ ಇಲ್ಲ. ಲಘುಪಾಠದಲ್ಲಿ ಇಲ್ಲದ ದೇವರ ಮಾತೃತ್ವದ ಪ್ರಕರಣವು ದೀರ್ಘಪಾಠದ 58ನೆಯ ಅಧ್ಯಾಯದಿಂದ ಮುಂದಕ್ಕೆ ವಿಸ್ತಾರವಾಗಿ ಬಂದಿದೆ. ಅಲ್ಲಿ ತಾಯ್ತನವು ದೇವರಿಗೆ ಮೇಲಿನಿಂದ ಹೊದಿಸಿದ ಅಲಂಕಾರವಲ್ಲ, ತ್ರಿಯೇಕತ್ವದ ಸ್ವರೂಪದಲ್ಲಿಯೇ ಸೇರಿದುದು: ಶಕ್ತಿಯು ತಂದೆ, ಜ್ಞಾನವು ತಾಯಿ, ಪ್ರೀತಿಯು ಪ್ರಭು. ಲೋಕದ ತಾಯಂದಿರು ಮಕ್ಕಳನ್ನು ನೋವಿಗೂ ಸಾವಿಗೂ ಹೆರುತ್ತಾರೆ. ಯೇಸುವಾದರೋ ಶಿಲುಬೆಯ ವೇದನೆಯಲ್ಲಿ ನಿತ್ಯಜೀವಕ್ಕೆ ಹೆರುತ್ತಾನೆ. ತಾಯಿಯು ಹಾಲೂಡುತ್ತಾಳೆ, ಆತನು ಪ್ರಭುಭೋಜನದ ಸಂಸ್ಕಾರದಲ್ಲಿ ತನ್ನನ್ನೇ ಉಣಿಸುತ್ತಾನೆ. ಮಗು ಬೆಳೆದಂತೆ ತಾಯಿಯ ನಡವಳಿಕೆ ಬದಲಾಗುತ್ತದೆ, ಪ್ರೀತಿ ಬದಲಾಗುವುದಿಲ್ಲ. ಮಗುವಿನ ಹಿತಕ್ಕಾಗಿ ಅದು ಎಡವಿ ಬೀಳುವುದನ್ನು ಆಕೆ ಒಮ್ಮೊಮ್ಮೆ ಸಹಿಸುತ್ತಾಳೆ. ಲೋಕದ ತಾಯಿಗೆ ಮಗುವು ನಾಶವಾಗುವುದನ್ನು ಕಾಣಬೇಕಾಗಿ ಬರಬಹುದು. ಈ ತಾಯಿಗೆ ಅದು ಎಂದಿಗೂ ಸಾಧ್ಯವಲ್ಲ. ಆದುದರಿಂದ ತಾಯಿಯೆಂಬ ಹೆಸರು ಯಥಾರ್ಥವಾಗಿ ಸಲ್ಲುವುದು ಆತನಿಗೂ ಆತನನ್ನು ಹೆತ್ತವಳಿಗೂ ಮಾತ್ರವೆಂದು ಜೂಲಿಯನ್ನಳ ಸಿದ್ಧಾಂತ.

ಒಂದು ತಾಯಿ ಮರೆಯಾದುದಕ್ಕೂ ಮತ್ತೊಂದು ತಾಯ್ತನವು ಮೂಡಿದುದಕ್ಕೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ದುಡುಕಾದೀತು. ಪಾದ್ರಿಯೊಡನೆ ಬಂದಿದ್ದ ಬಾಲಕನೂ, ಹೆಂಗಸಾದ ತಾನು ಉಪದೇಶಿಸಬಹುದೇ ಎಂಬ ಸಂಕೋಚದ ಮಾತುಗಳೂ ದೀರ್ಘಪಾಠದಲ್ಲಿ ಬಿಟ್ಟುಹೋಗಿವೆ; ಸ್ವಂತ ವಿಷಯಗಳನ್ನು ತಗ್ಗಿಸುವುದು ಆ ಪರಿಷ್ಕರಣದ ಸಾಮಾನ್ಯ ಕ್ರಮವಾಗಿತ್ತು. ಜೂಲಿಯನ್ನಳು ವಿಧವೆಯೂ, ಪ್ಲೇಗಿನಲ್ಲಿ ಮಗುವನ್ನು ಕಳೆದುಕೊಂಡವಳೂ ಆಗಿದ್ದಿರಬಹುದೆಂದು ಬೆನೆಡಿಕ್ಟಾ ವಾರ್ಡ್ ಅವರು 1988ರಲ್ಲಿ ಸೂಚಿಸಿದರು. ಗ್ರಂಥದಲ್ಲಿ ಇದಕ್ಕೆ ನೇರವಾದ ಆಧಾರವಿಲ್ಲ. ಆದರೂ ಆಕೆಯ ಬಾಲ್ಯದಲ್ಲಿ, 1349ರಲ್ಲಿ, ನಾರ್ವಿಚ್ಚಿಗೆ ಮಹಾಮಾರಿಯು ಬಂದುದೂ, 1361ರ ಪ್ಲೇಗು ಮಕ್ಕಳ ಸಾವೆಂದೇ ಹೆಸರಾದುದೂ ನಿಶ್ಚಿತವಾದ ಸಂಗತಿಗಳು. ಮಕ್ಕಳ ಕಣ್ಣುಗಳನ್ನು ಮುಚ್ಚಿದ ತಾಯಂದಿರು ಆ ಊರಿನಲ್ಲಿ ವಿರಳವಾಗಿರಲಿಲ್ಲ. ಮಗುವನ್ನು ಎಂದಿಗೂ ಕಳೆದುಕೊಳ್ಳದ ತಾಯಿಯ ವಿಚಾರವನ್ನು ಅಂತಹವರ ನಡುವೆ ಬರೆಯಲಾಯಿತೆಂಬುದನ್ನು ಮರೆಯಬಾರದು.

ಪ್ರತಿಬಿಂಬವೆಂಬ ಮಾತಿನ ದಿಕ್ಕು ಇಲ್ಲಿ ನಿರ್ಣಯವಾಗುತ್ತದೆ. ಎಫೆಸದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ, ಲೋಕದ ಪ್ರತಿಯೊಂದು ವಂಶಕ್ಕೂ ಹೆಸರು ಬಂದುದು ತಂದೆಯಾದ ದೇವರಿಂದ ಎಂದಿದೆ. ಗ್ರೀಕಿನಲ್ಲಿ ವಂಶವೆಂಬ ಅರ್ಥದ ‘ಪತ್ರಿಯಾ’ ಎಂಬ ಶಬ್ದವು ತಂದೆಯೆಂಬ ಅರ್ಥದ ‘ಪತೇರ್’ ಎಂಬುದರಿಂದ ಹುಟ್ಟಿದುದು. ಜೂಲಿಯನ್ನಳು ಅದೇ ನ್ಯಾಯವನ್ನು ತಾಯ್ತನಕ್ಕೆ ಅನ್ವಯಿಸಿದಳು. ದೇವರು ತಾಯಿಯನ್ನು ಹೋಲುವುದಿಲ್ಲ, ತಾಯಿಯೇ ದೇವರನ್ನು ಹೋಲುತ್ತಾಳೆ. ಹೀಗೆಂದುದರಿಂದ ಮನುಷ್ಯರ ಪ್ರೀತಿಯ ಬೆಲೆ ಕುಂದಲಿಲ್ಲ. ಪ್ರತಿಬಿಂಬಕ್ಕೆ ಬಿಂಬದ ಪೂರ್ಣತೆಯಿಲ್ಲದಿದ್ದರೂ ಬಿಂಬದ ಗುರುತು ಇದ್ದೇ ಇರುತ್ತದೆ. ತಪ್ಪಾಗಿ ತಿಳಿದು ಮಗಳ ಕಣ್ಣುಗಳನ್ನು ಮುಚ್ಚಹೋದ ಆ ಕೈಯಲ್ಲಿಯೂ ಅದು ಇತ್ತು.