ಗುಳಿವಾಸಿಗಳ ಕಲ್ಪನೆ ಮತ್ತು ಹಗೇವಿನ ಸಾಕ್ಷ್ಯ: ಬ್ರಿಟನ್ನಿನ ಪ್ರಾಚೀನ ಹಳ್ಳಿಗಳ ಉತ್ಖನನ

ಅರಸರ ಚರಿತ್ರೆಯನ್ನು ಶಾಸನಗಳು ಹೇಳುತ್ತವೆ. ಅಕ್ಷರವನ್ನರಿಯದ ಒಕ್ಕಲುಮಕ್ಕಳ ಚರಿತ್ರೆಯಾದರೋ ಅವರು ತೋಡಿದ ಗುಳಿ, ನೆಟ್ಟ ಕಂಬ, ಎಸೆದ ಮಡಕೆಚೂರುಗಳಲ್ಲಿ ಅಡಗಿರುತ್ತದೆ. ಅದನ್ನು ಓದುವಾಗ ಆಗುವ ತಪ್ಪು ಒಂದು ಸಮುದಾಯದ ಬದುಕನ್ನೇ ಕೀಳಾಗಿ ಕಾಣಿಸಬಲ್ಲದು. ದಕ್ಷಿಣ ಇಂಗ್ಲೆಂಡಿನ ಉತ್ಖನನಗಳು ಇದಕ್ಕೆ ಉತ್ತಮ ನಿದರ್ಶನವಾಗಿವೆ.

ಈ ಭಾಗದ ಹಳ್ಳಿಗಳ ಉತ್ಖನನಕ್ಕೆ ಶಾಸ್ತ್ರೀಯ ತಳಹದಿ ಹಾಕಿದವರು ಸೇನಾಧಿಕಾರಿಯಾಗಿದ್ದ ಪಿಟ್-ರಿವರ್ಸ್. 1880ರಲ್ಲಿ ಕ್ರ್ಯಾನ್‌ಬೋರ್ನ್ ಚೇಸ್ ಪ್ರದೇಶದ ರಷ್‌ಮೋರ್ ಜಮೀನು ಅವರಿಗೆ ಉತ್ತರಾಧಿಕಾರವಾಗಿ ಬಂದಿತು. ಅಲ್ಲಿನ ವುಡ್‌ಕಟ್ಸ್ ಮತ್ತು ರಾದರ್ಲಿ ನೆಲೆಗಳನ್ನು ಅವರು 1880ರ ದಶಕದಲ್ಲಿ ಅಗೆಸಿದರು. ಅಪರೂಪದ ವಸ್ತುಗಳಿಗಿಂತ ದಿನಬಳಕೆಯ ವಸ್ತುಗಳೇ ಮುಖ್ಯವೆಂಬುದು ಅವರ ನಿಲುವಾಗಿತ್ತು. ಆದುದರಿಂದ ಮಡಕೆಚೂರು, ಮೊಳೆ, ದನಕುರಿಗಳ ಎಲುಬು ಎಲ್ಲವೂ ದೊರೆತ ಸ್ಥಳದೊಡನೆ ದಾಖಲಾದವು. ಕ್ರಿ.ಶ. 43ರಲ್ಲಿ ರೋಮನ್ನರ ಆಕ್ರಮಣ ನಡೆಯುವ ಮೊದಲೇ ಇದ್ದ ಈ ಹಳ್ಳಿಗಳು ಅವರ ಆಳ್ವಿಕೆಯಲ್ಲಿಯೂ ಮುಂದುವರಿದವು. ರೋಮನ್ ನಾಣ್ಯ, ಮಡಕೆಗಳು ಬಂದವು. ಬೇಸಾಯದ ಬದುಕು ಉಳಿಯಿತು.

ಇಂತಹ ನೆಲೆಗಳಲ್ಲಿ ಸೀಮೆಸುಣ್ಣದ ನೆಲವನ್ನು ಕೊರೆದ ಆಳವಾದ ಗುಳಿಗಳು ಹೇರಳವಾಗಿ ದೊರೆಯುತ್ತವೆ. ಒಳಗೆ ಬೂದಿ, ಎಲುಬು, ಒಡೆದ ಮಡಕೆಗಳಿದ್ದುದರಿಂದ ಅನೇಕ ವಿದ್ವಾಂಸರು ಇವುಗಳನ್ನು ವಾಸದ ಮನೆಗಳೆಂದೇ ತಿಳಿದರು. ಹೀಗೆ ಪ್ರಾಚೀನ ರೈತರು ಕಸದ ನಡುವೆ ಬದುಕಿದ ‘ಗುಳಿವಾಸಿ’ಗಳಾದರು!

ಈ ಕಲ್ಪನೆಯನ್ನು ಅಲುಗಾಡಿಸಿದವರು ಗೆರ್ಹಾರ್ಡ್ ಬೆರ್ಸು. ಯೆಹೂದಿ ಮೂಲದ ಕಾರಣಕ್ಕಾಗಿ ನಾಜಿ ಆಡಳಿತವು 1935ರಲ್ಲಿ ಅವರನ್ನು ಫ್ರಾಂಕ್‌ಫರ್ಟಿನ ಹುದ್ದೆಯಿಂದ ತೆಗೆದುಹಾಕಿತ್ತು. ಆಶ್ರಯವರಸಿ ಬ್ರಿಟನ್ನಿಗೆ ಬಂದ ಅವರು 1938-39ರಲ್ಲಿ ಸಾಲ್ಸ್‌ಬರಿಯ ಬಳಿಯ ಲಿಟಲ್ ವುಡ್‌ಬರಿಯಲ್ಲಿ ಕಬ್ಬಿಣಯುಗದ ಹಳ್ಳಿಯೊಂದನ್ನು ಅಗೆದರು. ನೆಲವನ್ನು ವಿಸ್ತಾರವಾಗಿ ತೆರೆದು, ಕಂಬದ ಕುಳಿಗಳನ್ನು ಗುರುತಿಸಿದಾಗ ಸುಮಾರು 15 ಮೀಟರ್ ವ್ಯಾಸದ ದುಂಡುಮನೆಯೊಂದು ಸ್ಪಷ್ಟವಾಯಿತು. ಜನರ ವಾಸ ನೆಲದ ಮೇಲೆ, ಗುಳಿಗಳಿದ್ದುದು ಧಾನ್ಯಕ್ಕೆ. ಬಳಸಲು ಬಾರದಾದಾಗ ಅವು ಕಸದ ಗುಂಡಿಗಳಾದವು. 1940ರ ದಶಕದಲ್ಲಿ ಕ್ರಿಸ್ಟೊಫರ್ ಹಾಕ್ಸ್ ಅವರು ಪಿಟ್-ರಿವರ್ಸ್ ಅವರ ನೆಲೆಗಳನ್ನೂ ಪುನರ್ವಿಮರ್ಶಿಸಿದರು. ಹಳೆಯ ದಾಖಲೆ ಅಷ್ಟು ನಿಷ್ಠೆಯದಾಗಿದ್ದುದರಿಂದಲೇ ಇದು ಸಾಧ್ಯವಾಯಿತು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನು ಅಗೆಸಿದ ಮಾರ್ಟಿಮರ್ ವೀಲರ್ ಅವರಿಗೂ ಪಿಟ್-ರಿವರ್ಸ್ ಅವರ ವಿಧಾನವೇ ಆದರ್ಶವಾಗಿತ್ತು.

ಹಸಿಯಾದ ನೆಲದಲ್ಲಿ ಧಾನ್ಯ ಕೆಡದೆ ಉಳಿಯುವುದೇ ಎಂಬ ಪ್ರಶ್ನೆಗೆ ಪೀಟರ್ ರೆನಾಲ್ಡ್ಸ್ ಅವರು 1972ರಲ್ಲಿ ಆರಂಭವಾದ ಬಟ್ಸರ್ ಪ್ರಯೋಗಕ್ಷೇತ್ರದಲ್ಲಿ ಉತ್ತರ ಹುಡುಕಿದರು. ಬಾಯಿಯನ್ನು ಭದ್ರವಾಗಿ ಮುಚ್ಚಿದರೆ ಗೋಡೆಗೆ ತಾಗಿದ ಕಾಳುಗಳು ಮೊಳೆತು, ಒಳಗಿನ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಅದರಿಂದ ಉಳಿದ ಧಾನ್ಯ ಸುರಕ್ಷಿತವಾಗಿರುತ್ತದೆ.

ಉತ್ತರ ಕರ್ನಾಟಕದ ಜೋಳದ ಸೀಮೆಗೆ ಇದು ಹೊಸ ಸಂಗತಿಯಲ್ಲ. ಅಲ್ಲಿನ ಹಗೇವು ಇದೇ ತತ್ತ್ವದ್ದು: ಬಾಯಿ ಕಿರಿದು, ಒಡಲು ಹಿರಿದು. ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮುಚ್ಚುತ್ತಿದ್ದರು. ಹಗೇವು ತೆರೆದ ಕೂಡಲೇ ಇಳಿಯಬಾರದು, ಒಳಗಿನ ಗಾಳಿ ಪ್ರಾಣಕ್ಕೆ ಎರವಾದೀತು ಎಂಬ ರೈತರ ಎಚ್ಚರಿಕೆಯೂ, ಪ್ರಯೋಗದಲ್ಲಿ ಕಂಡ ಅನಿಲವೂ ಒಂದೇ ಸತ್ಯವನ್ನು ಸೂಚಿಸುತ್ತವೆ. ಹಗೇವಿನ ಊರಿನವರು ಆ ಗುಳಿಗಳನ್ನು ನೋಡಿದ್ದರೆ ಮನೆಯೆಂದು ಎಣಿಸುತ್ತಿರಲಿಲ್ಲ.

ಎರಡು ನಾಡುಗಳ ನಡುವೆ ಸಂಪರ್ಕವಿತ್ತೆಂದು ಇದರಿಂದ ಹೇಳಲಾಗದು. ಒಂದೇ ಅಗತ್ಯಕ್ಕೆ ಒಕ್ಕಲು ಬದುಕು ಒಂದೇ ಬಗೆಯ ಪರಿಹಾರ ಕಂಡುಕೊಂಡಿತೆಂಬುದಷ್ಟೇ ನಿಶ್ಚಿತ. ಬದುಕಿರುವ ತಿಳಿವಳಿಕೆಯನ್ನು ಕಡೆಗಣಿಸಿ ನೆಲದಡಿಯ ಚರಿತ್ರೆಯನ್ನು ಓದಹೊರಟರೆ ಕಣಜವೂ ಬಿಲವಾಗಿ ಕಂಡೀತು. ಉತ್ಖನನಕಾರನ ಗುದ್ದಲಿಗೆ ಜಾನಪದದ ಅರಿವೂ ಜೊತೆಯಾಗಬೇಕಾದುದು ಈ ಕಾರಣದಿಂದಲೇ.